ರೂಟ್ ಲೋಕಸ್‌ಗೂ ಟೆಕ್‌ಫೆಸ್ಟ್ ಗಾಡಿಗೂ ನಂಟು ಹಾಕಿಸಿ: ಸಿಲಬಸ್ ಬರೆಯೋರಿಗೆ ಒಂದು ಬಹಿರಂಗ ಪತ್ರ

ವಿಟಿಯು ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ಕೂತು ಸಿಲಬಸ್ ತಯಾರು ಮಾಡೋ ಹಿರಿಯರಿಗೆ, ಆಟಾನಮಸ್ ಕಾಲೇಜುಗಳ ಎಚ್‌ಒಡಿಗಳಿಗೆ, ನನ್ನ ಥರಾನೇ ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡೋ ಎಲ್ಲಾ ಸರ್‌ಗಳಿಗೂ ಮೇಡಂಗಳಿಗೂ ನಮಸ್ಕಾರ.

ಸುತ್ತಿ ಬಳಸಿ ಹೇಳೋದು ಬೇಡ, ಕೇಳಬೇಕಾಗಿರೋದನ್ನ ಮೊದಲೇ ಕೇಳಿಬಿಡ್ತೀನಿ. ಕಂಟ್ರೋಲ್ ಸಿಸ್ಟಮ್ಸ್, ಅಂದ್ರೆ ಯಂತ್ರ ತನ್ನ ತಪ್ಪನ್ನ ತಾನೇ ಅಳೆದು ತಿದ್ದಿಕೊಳ್ಳೋ ಹಾಗೆ ಮಾಡೋ ವಿದ್ಯೆ, ಅದರ ಪೇಪರ್‌ನ 50 ಸಿಐಇ (ಕಾಲೇಜಲ್ಲೇ ಕೊಡೋ ಇಂಟರ್ನಲ್) ಮಾರ್ಕ್ಸ್‌ನಲ್ಲಿ 20 ಮಾರ್ಕ್ಸ್ ಒಂದು ರೋಬೋಗೆ ಎತ್ತಿಡಿ. ನಾಲ್ಕು ಜನ ಮಕ್ಕಳು ಸೇರಿ ಕೈಯಾರೆ ಕಟ್ಟಿದ ಒಂದು ಪುಟ್ಟ ಗಾಡಿ ಸಾಕು, ಆದ್ರೆ ಅದರ ಮೋಟರ್ ಮಾಡೆಲ್ ಅವರೇ ಅಳೆದಿರಬೇಕು, ಕಂಟ್ರೋಲರ್ ಅವರೇ ಲೆಕ್ಕ ಹಾಕಿರಬೇಕು, ಲೆಕ್ಕ ಏನು ಹೇಳಿತ್ತು ಗಾಡಿ ಏನು ಮಾಡ್ತು ಅನ್ನೋದನ್ನ ಒಂದೇ ಗ್ರಾಫ್ ಮೇಲೆ ಎರಡು ಗೆರೆಯಾಗಿ ತೋರಿಸಬೇಕು. ಇಷ್ಟೇ ನನ್ನ ಕೋರಿಕೆ, ಯಾಕೆ ಅನ್ನೋದನ್ನ ಇನ್ನು ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಜಿಲ್ಲಾ ಕೇಂದ್ರದ ಒಂದು ಕಾಲೇಜಲ್ಲಿ ಈ ಸಬ್ಜೆಕ್ಟ್ ಪಾಠ ಮಾಡ್ತಾ ಬಂದಿರೋನು. ನಮ್ಮ ಕಾಲೇಜುಗಳಲ್ಲಿ ರೋಬೋ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಯಾವ ಟೆಕ್‌ಫೆಸ್ಟ್‌ಗೆ ಹೋಗಿ ನೋಡಿ, ಬಿಳಿ ಫ್ಲೆಕ್ಸ್ ಮೇಲೆ ಕಪ್ಪು ಟೇಪ್ ಅಂಟಿಸಿ ಲೈನ್ ಫಾಲೋವರ್ (ಆ ಗೆರೆ ಹಿಡಿದು ತಾನಾಗೇ ಓಡೋ ಗಾಡಿ) ಸ್ಪರ್ಧೆ ಇದ್ದೇ ಇರತ್ತೆ, ಸುತ್ತ ಮಂಡಿಯೂರಿ ಕೂತಿರೋ ಮಕ್ಕಳು, ಎಕ್ಸ್‌ಟೆನ್ಷನ್ ಬೋರ್ಡ್‌ಗಳು, ಗ್ಲೂ ಗನ್, ಲ್ಯಾಪ್‌ಟಾಪ್. ಅದೇ ಬಿಲ್ಡಿಂಗ್‌ನ ಮೇಲಿನ ಮಹಡೀಲಿ ಅದೇ ಮಕ್ಕಳಿಗೆ ನಾವು ಬೋರ್ಡ್ ಮೇಲೆ ರೂಟ್ ಲೋಕಸ್ ಬಿಡಿಸ್ತಾ ಇರ್ತೀವಿ, ಅಂದ್ರೆ ಗೇನ್ (ತಪ್ಪನ್ನ ಎಷ್ಟು ಜೋರಾಗಿ ತಿದ್ದಬೇಕು ಅನ್ನೋ ಅಂಕಿ) ಬದಲಾದ ಹಾಗೆ ಪೋಲ್‌ಗಳು (ಸಿಸ್ಟಮ್ ನಿಲ್ಲತ್ತಾ ಅಲ್ಲಾಡತ್ತಾ ಅಂತ ಹೇಳೋ ಬಿಂದುಗಳು) ಎತ್ತ ಸರೀತವೆ ಅನ್ನೋ ಚಿತ್ರ, ಅಸಿಂಪ್ಟೋಟ್ ಆಂಗಲ್ ಎಷ್ಟು, ಬ್ರೇಕ್ ಅವೇ ಪಾಯಿಂಟ್ ಎಲ್ಲಿ ಅಂತ. ಈ ಎರಡೂ ಒಂದೇ ವಿದ್ಯೆ ಅಂತ ಆ ಮಕ್ಕಳಿಗೆ ಯಾರೂ ಹೇಳಿರಲ್ಲ. ಲೈನ್ ಫಾಲೋವರ್‌ನಲ್ಲಿ ಪ್ರೈಜ್ ತಗೊಂಡ ಹುಡುಗ ನನ್ನ ವೈವಾದಲ್ಲಿ ಡ್ಯಾಂಪಿಂಗ್ ರೇಶಿಯೋ (ಅಲ್ಲಾಟ ಎಷ್ಟು ಚೆನ್ನಾಗಿ ಅಡಗತ್ತೆ ಅನ್ನೋ ಅಳತೆ) ಅಂದ್ರೆ ಏನಪ್ಪಾ ಅಂದಾಗ ತಲೆ ಕೆರ್ಕೋತಾನೆ, ಇಂಟರ್ನಲ್ಸ್‌ನಲ್ಲಿ ಫುಲ್ ಮಾರ್ಕ್ಸ್ ತಗೊಂಡ ಹುಡುಗಿಗೆ ಗೇನ್ ಜಾಸ್ತಿ ಮಾಡಿದ್ರೆ ಕಣ್ಣೆದುರು ಏನಾಗತ್ತಮ್ಮಾ ಅಂದ್ರೆ "ಪೋಲ್ಸ್ ರೈಟ್ ಹಾಫ್‌ಗೆ ಹೋಗತ್ತೆ ಸರ್" ಅನ್ನೋ (ಅಂದ್ರೆ ಹತೋಟಿ ತಪ್ಪತ್ತೆ ಅನ್ನೋ) ಪುಸ್ತಕದ ಮಾತು ಬಿಟ್ಟು ಇನ್ನೇನೂ ಹೊಳೆಯಲ್ಲ. ಇಬ್ಬರೂ ಬುದ್ಧಿವಂತರೇ, ಇಬ್ಬರಿಗೂ ಅರ್ಧರ್ಧ ಸಿಕ್ಕಿದೆ.

ಲೈನ್ ಫಾಲೋವರ್‌ನೇ ತಗೊಳ್ಳಿ. ಸೀನಿಯರ್ಸ್ ಜೂನಿಯರ್ಸ್‌ಗೆ ಮೂರು ಮಾತು ಹೇಳಿಕೊಡ್ತಾರೆ. ಸೆನ್ಸರ್ ಪಟ್ಟಿನ ಚಕ್ರಕ್ಕಿಂತ ಸ್ವಲ್ಪ ಮುಂದೆ ಇಡು. ಸ್ಪೀಡ್ ಹೆಚ್ಚಿಸಿದ್ರೆ ಗಾಡಿ ಬಳುಕತ್ತೆ, ಮತ್ತೆ ಟ್ಯೂನ್ ಮಾಡು. ಫುಲ್ ಚಾರ್ಜ್ ಆಗಿರೋ ಬ್ಯಾಟರಿ ಹಾಕ್ಕೊಂಡು ಡೈರೆಕ್ಟಾಗಿ ಫೈನಲ್‌ಗೆ ಇಳೀಬೇಡ. ಮೂರೂ ಸರಿಯಾದ ಮಾತೇ, ಆದ್ರೆ ಯಾಕೆ ಅಂತ ಕೇಳಿದ್ರೆ "ಹಂಗೇ ಆಗೋದು" ಅಂತಾರೆ. ಈಗ ಒಂದು ಅರ್ಧ ಹಾಳೆ ತಗೊಂಡು ಬರೆದು ನೋಡೋಣ. ಗಾಡಿ ಗೆರೆಯಿಂದ ಎಷ್ಟು ಪಕ್ಕಕ್ಕೆ ಹೋಗಿದೆ ಅನ್ನೋದು ವೇಗ ಮತ್ತೆ ಮುಖ ತಿರುಗಿರೋ ಕೋನ ಎರಡರ ಗುಣಲಬ್ಧದ ಇಂಟಿಗ್ರಲ್, ಆ ಕೋನ ಅನ್ನೋದು ನಾವು ಕೊಡೋ ತಿರುವಿನ ಇಂಟಿಗ್ರಲ್, ಅಂದ್ರೆ ಎರಡು ಇಂಟಿಗ್ರೇಟರ್ ಸಾಲಾಗಿ ನಿಂತಿವೆ. ಸೆನ್ಸರ್ ಸರಿಯಾಗಿ ಚಕ್ರದ ಅಚ್ಚಿನ ಮೇಲೇ ಇದ್ದು ಬರೀ ಪ್ರೊಪೋರ್ಷನಲ್ ಕಂಟ್ರೋಲ್ (ತಪ್ಪು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ತಿರುವು) ಕೊಟ್ರೆ ಎರಡೂ ಪೋಲ್ ಇಮ್ಯಾಜಿನರಿ ಆಕ್ಸಿಸ್ ಮೇಲೆ ಬಂದು ಕೂರ್ತವೆ, ಗಾಡಿ ಗೆರೆಯ ಆ ಕಡೆ ಈ ಕಡೆ ಅಲ್ಲಾಡ್ತಾನೇ ಇರತ್ತೆ, ನಿಲ್ಲೋದೇ ಇಲ್ಲ. ಸೆನ್ಸರ್‌ನ ಒಂದಿಷ್ಟು ಮುಂದಕ್ಕೆ ಇಟ್ಟ ಕೂಡಲೇ ಅದು ಪಕ್ಕಕ್ಕೆ ಸರಿದಿರೋದರ ಜೊತೆಗೆ ಮುಖ ಎತ್ತ ತಿರುಗಿದೆ ಅನ್ನೋದನ್ನೂ ಓದತ್ತೆ, ಸಮೀಕರಣದಲ್ಲಿ ಎಸ್ ಇರೋ ಒಂದು ಪದ ಬಂದು ಸೇರ್ಕೊಳ್ಳತ್ತೆ, ಅದೇ ಡ್ಯಾಂಪಿಂಗ್! ಲೆಕ್ಕ ಮುಗಿಸಿ ನೋಡಿದ್ರೆ ಡ್ಯಾಂಪಿಂಗ್ ರೇಶಿಯೋ ಸೆನ್ಸರ್ ಎಷ್ಟು ಮುಂದಿದೆ ಅನ್ನೋದಕ್ಕೆ ನೇರ ಅನುಪಾತ, ವೇಗದ ವರ್ಗಮೂಲಕ್ಕೆ ವಿಲೋಮ ಅನುಪಾತ. ವೇಗ ನಾಲ್ಕು ಪಟ್ಟು ಮಾಡಿದ್ರೆ ಡ್ಯಾಂಪಿಂಗ್ ಅರ್ಧ. ಸೀನಿಯರ್ಸ್ ಹೇಳಿದ ಮೊದಲ ಎರಡು ಮಾತೂ ಒಂದೇ ಸಾಲಲ್ಲಿ ಬಂದು ನಿಲ್ತು.

ಮೂರನೇದೂ ಅಷ್ಟೇ. ಎರಡು ಸೆಲ್ ಇರೋ ಲಿಥಿಯಂ ಪ್ಯಾಕ್ ಫುಲ್ ಚಾರ್ಜ್‌ನಲ್ಲಿ 8.4 ವೋಲ್ಟ್, ಓಡಿಸ್ತಾ ಓಡಿಸ್ತಾ 7ರ ಹತ್ತಿರ ಬರತ್ತೆ. ನಾವು ಕೊಡೋ ಪಿಡಬ್ಲ್ಯೂಎಂ ನಂಬರ್ (ಮೋಟರ್‌ಗೆ ಹೋಗೋ ವೋಲ್ಟೇಜ್ ಎಷ್ಟು ಹೊತ್ತು ಆನ್ ಇರಬೇಕು ಅನ್ನೋ ಅಂಕಿ) ಅದೇ ಇದ್ರೂ ಮೋಟರ್‌ಗೆ ಸಿಗೋ ವೋಲ್ಟೇಜ್ ಶೇ. 15ಕ್ಕಿಂತ ಜಾಸ್ತಿ ಬದಲಾಗಿರತ್ತೆ, ಅಂದ್ರೆ ವೇಗಾನೂ ಗೇನೂ ಎರಡೂ ಬದಲಾಗಿವೆ, ಸಂಜೆ ಇಳಿದ ಬ್ಯಾಟರೀಲಿ ಟ್ಯೂನ್ ಮಾಡಿದ ಗಾಡಿ ಬೆಳಗ್ಗೆ ಫುಲ್ ಚಾರ್ಜ್‌ನಲ್ಲಿ ಗೆರೆ ಬಿಟ್ಟು ಓಡಿದ್ರೆ ಆಶ್ಚರ್ಯ ಏನಿದೆ. ಚಕ್ರಕ್ಕೆ ಎನ್‌ಕೋಡರ್ (ಚಕ್ರ ಎಷ್ಟು ತಿರುಗಿತು ಅಂತ ಎಣಿಸೋ ಸೆನ್ಸರ್) ಹಾಕಿ ಒಳಗೊಂದು ಸ್ಪೀಡ್ ಲೂಪ್ (ವೇಗ ಅಳೆದು ಅಲ್ಲೇ ತಿದ್ದೋ ಸುತ್ತು) ಮಾಡಿದ್ರೆ ಈ ತಲೆನೋವು ಬಹಳಷ್ಟು ಹೋಗತ್ತೆ, ಒಳಗಿನ ಲೂಪ್ ಹೊರಗಿನ ಲೂಪ್ ಅನ್ನೋ ಪಾಠ ಅಲ್ಲಿಂದಾನೇ ಶುರು ಮಾಡಬಹುದು, ಬೇರೆ ಉದಾಹರಣೆ ಹುಡುಕೋದೇ ಬೇಡ.

ನಾನು ಹೇಳೋದು ಇದೇ. ಸೆಕೆಂಡ್ ಆರ್ಡರ್ ಸಿಸ್ಟಮ್ ಅನ್ನೋ ಚಾಪ್ಟರ್‌ಗೆ ಆ ಫ್ಲೆಕ್ಸ್ ಮೇಲಿನ ಗಾಡಿಗಿಂತ ಒಳ್ಳೆ ಪ್ರಯೋಗ ಇಲ್ಲ, ನಮ್ಮ ಬಿಲ್ಡಿಂಗ್‌ನಲ್ಲೇ ಇದೆ, ಆದ್ರೂ ಅದನ್ನ ಕಲ್ಚರಲ್ ಆ್ಯಕ್ಟಿವಿಟಿ ಥರ ಹೊರಗೇ ಇಟ್ಟಿದ್ದೀವಿ.

ಇನ್ನೊಂದು ವಿಷಯ ಹೇಳಲೇಬೇಕು, ಸೆಲ್ಫ್ ಬ್ಯಾಲೆನ್ಸಿಂಗ್ ಗಾಡಿದು, ಎರಡೇ ಚಕ್ರದ ಮೇಲೆ ನೆಟ್ಟಗೆ ನಿಲ್ಲೋದು. ಒಂದು ಆರ್ಡುಯಿನೋ (ಪ್ರೋಗ್ರಾಮ್ ಓಡಿಸೋ ಪುಟ್ಟ ಬೋರ್ಡ್), ವಾಲಿದ ಕೋನ ತಿಳಿಯೋಕೆ ಒಂದು ಎಂಪಿಯು 6050 ಸೆನ್ಸರ್, ಒಂದು ಮೋಟರ್ ಡ್ರೈವರ್, ಎರಡು ಗೇರ್ ಮೋಟರ್, ಮೇಲೆ ಬ್ಯಾಟರಿ. ನಮ್ಮ ಒಂದು ಟೀಮ್‌ನ ಗಾಡಿ ಅಂತೂ ಇಂತೂ ನಿಲ್ತು. ಆಮೇಲೆ ಕೋನ ಎಷ್ಟು ಬರ್ತಿದೆ ನೋಡೋಣ ಅಂತ ಲೂಪ್ ಒಳಗೆ ಸೀರಿಯಲ್ ಪ್ರಿಂಟ್ (ಅಂಕಿಗಳನ್ನ ಕಂಪ್ಯೂಟರ್‌ಗೆ ಕಳಿಸೋ ಸಾಲು) ಹಾಕಿದ್ರು, ಗಾಡಿ ಬಿತ್ತು. ಪ್ರಿಂಟ್ ತೆಗೆದ್ರು, ನಿಲ್ತು. ಮತ್ತೆ ಹಾಕಿದ್ರು, ಬಿತ್ತು. ಕಂಟ್ರೋಲರ್ ಗೇನ್ ಒಂದು ಅಂಕಿಯೂ ಬದಲಾಗಿಲ್ಲ, ವೈರಿಂಗ್ ಮುಟ್ಟಿಲ್ಲ. ಮಕ್ಕಳು ಬೋರ್ಡ್ ಹಾಳಾಗಿದೆ ಸರ್ ಅಂತ ಬಂದ್ರು.

ಅವತ್ತು ಬ್ಲ್ಯಾಕ್‌ಬೋರ್ಡ್ ಹತ್ತಿರ ನಿಂತು ಅವರ ಕೈಯಲ್ಲೇ ಲೆಕ್ಕ ಮಾಡಿಸಿದೆ. ಸೀರಿಯಲ್ ಪೋರ್ಟ್ 9600 ಬಾಡ್‌ನಲ್ಲಿದೆ, ಅಂದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 960 ಅಕ್ಷರ. ಅವರು ಪ್ರತಿ ಸುತ್ತಿಗೂ 20 ಅಕ್ಷರ ಕಳಿಸ್ತಿದ್ರು. ಬಫರ್ ತುಂಬಿದ ಮೇಲೆ ಪ್ರೋಗ್ರಾಮ್ ಅಲ್ಲೇ ಕಾಯ್ತಾ ನಿಲ್ಲತ್ತೆ, ಅಂದ್ರೆ ಪ್ರತಿ ಸುತ್ತಿಗೆ 20 ಮಿಲಿಸೆಕೆಂಡ್ ತಡ. ಗೇನ್ ಕ್ರಾಸೋವರ್ (ಲೂಪ್‌ನ ಗೇನ್ ಒಂದಕ್ಕೆ ಬರೋ ಫ್ರೀಕ್ವೆನ್ಸಿ) 20 ರೇಡಿಯನ್ ಪರ್ ಸೆಕೆಂಡ್ ಆಸುಪಾಸು ಅಂತ ಇಟ್ಕೊಂಡ್ರೆ ಈ ತಡದಿಂದ ಹೋಗೋ ಫೇಸ್ 0.4 ರೇಡಿಯನ್, ಡಿಗ್ರೀಲಿ ಸುಮಾರು 23. ಮೊದಲೇ ಮೂವತ್ತು ಡಿಗ್ರಿ ಒಳಗೆ ಕಷ್ಟಪಟ್ಟು ನಿಂತಿದ್ದ ಫೇಸ್ ಮಾರ್ಜಿನ್‌ನಲ್ಲಿ (ಹತೋಟಿ ತಪ್ಪೋಕೆ ಮುಂಚೆ ತಡ ತಡ್ಕೊಳ್ಳೋಕೆ ಉಳಿದಿರೋ ಜಾಗ) 23 ಹೋದ್ರೆ ಏನು ಉಳೀತು? ಫ್ರೀಕ್ವೆನ್ಸಿ ಜೊತೆ ಗೇನೂ ಫೇಸೂ ಹೆಂಗೆ ಬದಲಾಗತ್ತೆ ಅಂತ ತೋರಿಸೋ ಬೋಡ್ ಪ್ಲಾಟ್ ಅನ್ನೋದನ್ನ ಸೆಮಿಲಾಗ್ ಶೀಟ್ ಮೇಲೆ ಮಾರ್ಕ್ಸ್‌ಗೆ ಬಿಡಿಸೋ ಚಿತ್ರ ಅಂತ ಅಂದ್ಕೊಂಡಿದ್ದ ಮಕ್ಕಳು ಅವತ್ತು ಫೇಸ್ ಮಾರ್ಜಿನ್ ಅನ್ನೋ ಮಾತನ್ನ ಮೊದಲನೇ ಸಲ ತಮ್ಮ ಮಾತಾಗಿ ಆಡಿದ್ರು. ಬಾಡ್ ರೇಟ್ 115200ಕ್ಕೆ ಏರಿಸೋಣ, ಹತ್ತು ಸುತ್ತಿಗೊಂದು ಸಲ ಪ್ರಿಂಟ್ ಮಾಡೋಣ ಅಂತ ಅವರೇ ಹೇಳಿದ್ರು. ಬರೀ ಮ್ಯಾಟ್‌ಲ್ಯಾಬ್‌ನಲ್ಲಿ ಓಡಿಸಿದ್ರೆ ಈ ಪಾಠ ಬರಲ್ಲ, ಯಾಕಂದ್ರೆ ಸಿಮ್ಯುಲೇಶನ್‌ನಲ್ಲಿ ನೀವು ಹಾಕದೆ ಇರೋ ತಡ ತಾನಾಗೇ ಬಂದು ಸೇರ್ಕೊಳ್ಳಲ್ಲ.

ಇದೇ ಗಾಡೀಲಿ ಬ್ಯಾಟರಿನ ಕೆಳಗೆ ಇಟ್ರೆ ನಿಲ್ಲಿಸೋದು ಸುಲಭಾನಾ ಮೇಲೆ ಇಟ್ರೆ ಸುಲಭಾನಾ ಅಂತ ಕೇಳಿ ನೋಡಿ, ಬಹಳ ಜನ ಕೆಳಗೆ ಅಂತಾರೆ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸೋಕೆ ಆಗಲ್ಲ, ಪೊರಕೆ ಕೋಲು ನಿಲ್ಲಿಸಬಹುದು ಅನ್ನೋದು ಚಿಕ್ಕಂದಿನಿಂದ ಗೊತ್ತಿದ್ರೂ ಅದನ್ನ ಪೋಲ್ ಜೊತೆ ಸೇರಿಸಿ ನೋಡಿರಲ್ಲ. ತೂಕ ಅಚ್ಚಿನಿಂದ 10 ಸೆಂಟಿಮೀಟರ್ ಮೇಲಿದ್ರೆ ಬೀಳೋ ಪೋಲ್, ಅಂದ್ರೆ ಎಷ್ಟು ಬೇಗ ವಾಲತ್ತೆ ಅನ್ನೋ ಅಂಕಿ, ಸುಮಾರು 10ರ ಹತ್ತಿರ, 40 ಸೆಂಟಿಮೀಟರ್‌ಗೆ ಏರಿಸಿದ್ರೆ 5ಕ್ಕೆ ಇಳಿಯತ್ತೆ, ಅಂದ್ರೆ ಬೀಳೋ ಅವಸರ ಅರ್ಧ ಆಗತ್ತೆ, ಕಂಟ್ರೋಲರ್‌ಗೆ ಯೋಚನೆ ಮಾಡೋಕೆ ಟೈಮ್ ಸಿಗತ್ತೆ. ಲೆಕ್ಕ ಹೇಳ್ತು, ಕೋಲು ಕಟ್ಟಿ ಬ್ಯಾಟರಿ ಮೇಲೆ ಏರಿಸಿದ್ರು, ನಿಲ್ತು. ಲೆಕ್ಕದ ಮೇಲೆ ನಂಬಿಕೆ ಬರೋದು ಹೀಗೆ.

ಈ ಸಬ್ಜೆಕ್ಟ್ ಹುಟ್ಟಿದ್ದೂ ಹೀಗೇ ಅಲ್ವಾ. ಜೇಮ್ಸ್ ವ್ಯಾಟ್ ಸ್ಟೀಮ್ ಎಂಜಿನ್‌ಗೆ ವೇಗ ಹಿಡಿತದಲ್ಲಿಡೋ ಗವರ್ನರ್ ಹಾಕಿದ್ದು 1788ರಲ್ಲಿ, ಅದರ ಮೇಲೆ ಮ್ಯಾಕ್ಸ್‌ವೆಲ್ ಗಣಿತ ಬರೆದಿದ್ದು 1868ರಲ್ಲಿ, ಮಧ್ಯೆ 80 ವರ್ಷ ಆ ಗವರ್ನರ್‌ಗಳು ಎಂಜಿನ್ ಸ್ಪೀಡ್‌ನ ಏರಿಳಿಸ್ತಾ ಎಂಜಿನಿಯರ್‌ಗಳಿಗೆ ತಲೆ ಕೆಡಿಸಿದ್ವು. ಪಿಐಡಿ ಅಂತ ನಾವು ಬೋರ್ಡ್ ಮೇಲೆ ಮೂರು ಪದ ಬರೀತೀವಲ್ಲ, ಅದನ್ನ ಗಣಿತದಲ್ಲಿ ನಿಲ್ಲಿಸಿದ ನಿಕೊಲಸ್ ಮಿನೋರ್ಸ್ಕಿ ಹಡಗಿನ ಚುಕ್ಕಾಣಿ ಹಿಡಿಯೋರು ಹೆಂಗೆ ತಿರುಗಿಸ್ತಾರೆ ಅಂತ ಗಮನಿಸಿ, ಅವರು ಈಗಿನ ತಪ್ಪು ಮಾತ್ರ ನೋಡಲ್ಲ, ಹಿಂದಿನದನ್ನೂ ಅದು ಬದಲಾಗ್ತಿರೋ ವೇಗಾನೂ ನೋಡ್ತಾರೆ ಅಂತ ಅರ್ಥ ಮಾಡ್ಕೊಂಡು 1922ರಲ್ಲಿ ಪೇಪರ್ ಬರೆದ್ರು. ನೈಕ್ವಿಸ್ಟ್ 1932ರಲ್ಲಿ ಬರೆದಿದ್ದು ಟೆಲಿಫೋನ್ ಆಂಪ್ಲಿಫೈಯರ್‌ಗಳ ಕಾಟ ತಡೆಯೋಕೆ. ಜೀಗ್ಲರ್ ಮತ್ತೆ ನಿಕೋಲ್ಸ್ 1942ರಲ್ಲಿ ಕೊಟ್ಟ ನಿಯಮ ಅಂತೂ ಪೂರ್ತಿ ಕೈಗೆಲಸದ್ದು, ಗೇನ್ ಏರಿಸ್ತಾ ಹೋಗಿ, ಒಂದೇ ಸಮ ಅಲ್ಲಾಡೋಕೆ ಶುರು ಆದಾಗ ಆ ಗೇನ್ ಮತ್ತೆ ಅಲ್ಲಾಟದ ಅವಧಿ ಗುರುತು ಹಾಕ್ಕೊಳ್ಳಿ, ಆ ಗೇನ್‌ನ 0.6 ಪಟ್ಟು ತಗೊಳ್ಳಿ ಅಂತ. ಎಲ್ಲಾ ಕಡೆ ಮೊದಲು ಅಲ್ಲಾಡ್ತಿರೋ ಒಂದು ವಸ್ತು, ಆಮೇಲೆ ಗಣಿತ. ನಾವು ಮಾತ್ರ ಮಕ್ಕಳಿಗೆ ಲ್ಯಾಪ್ಲಾಸ್ ಗಣಿತದಿಂದ ಶುರು ಮಾಡಿ ವಸ್ತು ಬರೋ ಮೊದಲೇ ಸೆಮ್ ಮುಗಿಸ್ತೀವಿ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ, ನನ್ನ ಮಾತನ್ನ ತಪ್ಪಾಗಿ ತಗೋಬಾರದು. ರೋಬೋ ತಂದಿಟ್ಟ ಮಾತ್ರಕ್ಕೆ ಕಂಟ್ರೋಲ್ ಕಲಿಸಿದಂಗೆ ಆಗಲ್ಲ. ಎಡ ಸೆನ್ಸರ್ ಕಪ್ಪು ಕಂಡ್ರೆ ಎಡಕ್ಕೆ, ಬಲ ಕಂಡ್ರೆ ಬಲಕ್ಕೆ ಅಂತ ನಾಲ್ಕು ಇಫ್ ಎಲ್ಸ್ ಬರೆದ ಗಾಡೀಲಿ ಕಂಟ್ರೋಲ್ ಎಂಜಿನಿಯರಿಂಗ್ ಇನ್ನೂ ಶುರುವೇ ಆಗಿಲ್ಲ. ಯೂಟ್ಯೂಬ್ ನೋಡಿ ಕೋಡ್ ಇಳಿಸ್ಕೊಂಡು ಕೆಪಿ ಅನ್ನೋ ಗೇನ್ ಅಂಕಿನ ಹಂಗೂ ಹಿಂಗೂ ತಿರುಗಿಸಿ ನಿಲ್ಲಿಸಿದ್ರೂ ಅಷ್ಟೇ. ಎರಡು ದಿನದ ವರ್ಕ್‌ಶಾಪ್ ಮಾಡ್ಸಿ ಕೊನೇಲಿ ಸರ್ಟಿಫಿಕೇಟ್ ಹಂಚೋದಂತೂ ಬೇಡವೇ ಬೇಡ, ಅದರಿಂದ ಫೋಟೋ ಬರತ್ತೆ, ವಿದ್ಯೆ ಬರಲ್ಲ. ಒಂದು ಕಾಲೇಜಲ್ಲಿ ಲಕ್ಷಗಟ್ಟಲೆ ಕೊಟ್ಟು ತಂದ ಟ್ರೇನರ್ ಕಿಟ್‌ಗಳು ಗಾಜಿನ ಬೀರೂಲಿ ಬೀಗ ಹಾಕಿ ಕೂತಿರೋದನ್ನ ಕಣ್ಣಾರೆ ನೋಡಿದ್ದೀನಿ, ಇನ್ಸ್‌ಪೆಕ್ಷನ್ ಬಂದಾಗ ಮಾತ್ರ ಆಚೆ ಬರ್ತವೆ, ತುಂಬಾ ಸಂಕಟ ಆಗತ್ತೆ.

ಹಾಗಾಗಿ ಮಾರ್ಕ್ಸ್ ಗಾಡಿ ಓಡಿದ್ದಕ್ಕೆ ಕೊಡಬೇಡಿ. ಮುಂಚೆ ಹೇಳಿ ಆಮೇಲೆ ತೋರಿಸಿದ್ದಕ್ಕೆ ಕೊಡಿ. ಮೊದಲನೇ ಹಂತ ಮೋಟರ್ ಅಳೆಯೋದು, ಎನ್‌ಕೋಡರ್ ಹಾಕಿ ಒಂದೇ ಏಟಿಗೆ ಪಿಡಬ್ಲ್ಯೂಎಂ ಕೊಟ್ಟು ವೇಗ ಹೆಂಗೆ ಏರತ್ತೆ ಅಂತ ದಾಖಲಿಸಿ, ಕೊನೆ ವೇಗದ ಶೇ. 63 ಮುಟ್ಟೋಕೆ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಟೈಮ್ ಕಾನ್‌ಸ್ಟಂಟ್ ತೆಗೆಯೋದು. ಇದನ್ನ ಮಾಡ್ತಾ ಮಾಡ್ತಾನೇ ಸಣ್ಣ ಪಿಡಬ್ಲ್ಯೂಎಂಗೆ ಮೋಟರ್ ಅಲುಗೋದೇ ಇಲ್ಲ ಅನ್ನೋದು ಕಣ್ಣಿಗೆ ಬೀಳತ್ತೆ, ಪುಸ್ತಕದ ಲೀನಿಯರ್ ಸಿಸ್ಟಮ್ ಎಲ್ಲಿ ಮುಗೀತು ಅಂತ ಗೊತ್ತಾಗತ್ತೆ. ಎರಡನೇದು ಆ ಮಾಡೆಲ್ ಇಟ್ಕೊಂಡು ಓವರ್‌ಶೂಟ್ (ಗುರಿ ದಾಟಿ ಹೋಗೋದು) ಎಷ್ಟು, ಸೆಟ್ಲಿಂಗ್ ಟೈಮ್ (ಸ್ಥಿರ ಆಗೋಕೆ ಹಿಡಿಯೋ ಸಮಯ) ಎಷ್ಟು ಬರತ್ತೆ ಅಂತ ಮೊದಲೇ ಬರೆದು ಸಹಿ ಹಾಕಿ ಕೊಡೋದು. ಮೂರನೇದು ಓಡಿಸಿ ಅಳೆದು, ಎರಡು ಗೆರೆ ಎಲ್ಲಿ ಬೇರೆ ಆಯ್ತು ಯಾಕೆ ಬೇರೆ ಆಯ್ತು ಅಂತ ಎರಡು ಪುಟ ಬರೆಯೋದು. ಹೊಂದದೇ ಇದ್ರೂ ಪರವಾಗಿಲ್ಲ, ಕಾರಣ ಸರಿಯಾಗಿ ಹುಡುಕಿದ್ರೆ ಫುಲ್ ಮಾರ್ಕ್ಸ್ ಕೊಡಿ. ವೈವಾದಲ್ಲಿ ಎಗ್ಸಾಮಿನರ್ ಗಾಡಿ ಮೇಲೆ 100 ಗ್ರಾಮ್ ತೂಕ ಅಂಟಿಸಲಿ, ಇಲ್ಲಾ ಸೆನ್ಸರ್ ಪಟ್ಟಿನ ಎರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಲಿ, ಈಗ ಏನಾಗತ್ತೆ ಹೇಳಮ್ಮಾ ಅಂತ ಕೇಳಿ ಆಮೇಲೆ ಸ್ವಿಚ್ ಹಾಕಲಿ. ಕಾಪಿ ಹೊಡೆಯೋ ಭಯ ಯಾರಿಗೂ ಬೇಡ, ಒಂದೊಂದು ಟೀಮ್‌ಗೆ ಒಂದೊಂದು ಗೇರ್ ರೇಶಿಯೋ ಮೋಟರ್ ಕೊಟ್ರೆ ಪಕ್ಕದವರ ಅಂಕಿ ಇವರ ಗಾಡಿಗೆ ಕೂರಲ್ಲ.

ಗಣಿತ ಕಮ್ಮಿ ಮಾಡಿ ಅಂತ ನಾನು ಕೇಳ್ತಾ ಇಲ್ಲ. ರೌತ್ ಇರಲಿ, ರೂಟ್ ಲೋಕಸ್ ಇರಲಿ, ನೈಕ್ವಿಸ್ಟ್ ಇರಲೇಬೇಕು, ಸ್ಟೇಟ್ ಸ್ಪೇಸ್‌ಗೆ ಇನ್ನೂ ನಾಲ್ಕು ಕ್ಲಾಸ್ ಜಾಸ್ತಿ ಕೊಟ್ರೂ ಸಂತೋಷ, ಬ್ಯಾಲೆನ್ಸಿಂಗ್ ಗಾಡಿಗೆ ಅದು ಬೇಕೇ ಬೇಕು. ಟೈಮ್ ಎಲ್ಲಿಂದ ಬರತ್ತೆ ಅಂದ್ರೆ, ಹದಿನೈದು ಡಬ್ಬಿ ಇರೋ ಬ್ಲಾಕ್ ಡಯಾಗ್ರಾಮ್ ರಿಡಕ್ಷನ್ ಲೆಕ್ಕಗಳನ್ನ ಇಳಿಸಿ, ಯಾವ ಫ್ಯಾಕ್ಟರೀಲೂ ಇಲ್ಲದ ಸಿಗ್ನಲ್ ಫ್ಲೋ ಗ್ರಾಫ್‌ಗೆ ಮೇಸನ್ಸ್ ಫಾರ್ಮುಲಾ ಹಾಕಿ ಪುಟಗಟ್ಟಲೆ ಲೂಪ್ ಎಣಿಸೋದನ್ನ ಒಂದೆರಡು ಉದಾಹರಣೆಗೆ ನಿಲ್ಲಿಸಿ. ಬೋಡ್ ಪ್ಲಾಟ್ ಕೈಯಲ್ಲಿ ಎರಡು ಸಲ ಬಿಡಿಸಲಿ, ಎಂಟು ಸಲ ಬೇಡ. ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋ ಹಿರಿಯರು ಇದ್ದಾರೆ ಅಂತ ಗೊತ್ತು, ಚರ್ಚೆ ಆಗಲಿ ಅಂತಾನೇ ಹೀಗೆ ಎಲ್ಲರ ಮುಂದೆ ಬರೀತಿರೋದು.

ದುಡ್ಡಿನ ಮಾತು. ಮೇಲೆ ಹೇಳಿದ ಗಾಡಿಗೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಗೊಂಡ್ರೂ ಆನ್‌ಲೈನ್‌ನಲ್ಲಿ ತರಿಸಿದ್ರೂ ಎನ್‌ಕೋಡರ್ ಇರೋ ಮೋಟರ್ ಸೇರಿ ಎರಡೂವರೆ ಮೂರು ಸಾವಿರದ ಆಸುಪಾಸು ಆಗತ್ತೆ. 60 ಜನರ ಕ್ಲಾಸ್‌ಗೆ 15 ಗಾಡಿ, ಐವತ್ತು ಸಾವಿರದೊಳಗೆ ಮುಗಿಯತ್ತೆ, ಮುಂದಿನ ವರ್ಷ ಅದನ್ನೇ ಬಿಚ್ಚಿ ಮತ್ತೆ ಕೊಡಬಹುದು. ಮಕ್ಕಳ ಜೇಬಿಂದ ಮಾತ್ರ ತೆಗೆಸಬೇಡಿ, ಪಿಜಿ ಬಾಡಿಗೆ ಕಟ್ಟೋಕೇ ಪರದಾಡೋ ಮಕ್ಕಳಿದ್ದಾರೆ, ಸಾಮಾನು ಕಾಲೇಜಿಂದಾನೇ ಬರಬೇಕು ಅಂತ ನಿಯಮದಲ್ಲೇ ಬರೀರಿ. ಲಿಥಿಯಂ ಸೆಲ್ ವಿಷಯದಲ್ಲಿ ಸದರ ಬೇಡ, ಪ್ರೊಟೆಕ್ಷನ್ ಸರ್ಕ್ಯೂಟ್ ಇರೋ ಪ್ಯಾಕ್, ಒಂದು ಫ್ಯೂಸ್, ಚಾರ್ಜಿಂಗ್ ಲ್ಯಾಬ್‌ನಲ್ಲಿ ಯಾರಾದ್ರೂ ಇರೋವಾಗ ಮಾತ್ರ, ಹಾಸ್ಟೆಲ್ ರೂಮ್‌ನಲ್ಲಿ ಹಾಸಿಗೆ ಮೇಲಿಟ್ಟು ಚಾರ್ಜ್ ಮಾಡೋದು ಖಂಡಿತಾ ಬೇಡ.

ಇನ್ನು ಈ ಪದ್ಧತೀಲಿ ಯಾರು ಮುಂದೆ ಬರ್ತಾರೆ ಅನ್ನೋದನ್ನೂ ನೋಡಿ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರೀಲಿ ಬಂದವರು, ಹಳ್ಳೀಲಿ ಕನ್ನಡ ಮೀಡಿಯಂ ಓದಿ ಇಂಗ್ಲಿಷ್ ಡೆರಿವೇಶನ್ ಕಂಡ್ರೆ ಹಿಂದಿನ ಬೆಂಚ್‌ಗೆ ಹೋಗಿ ಕೂರೋರು. ಮನೇಲಿ ಬೋರ್‌ವೆಲ್ ಸ್ಟಾರ್ಟರ್ ಬಿಚ್ಚಿ ಜೋಡಿಸಿರೋ ಕೈ ಅದು, ಟ್ಯಾಂಕ್‌ನ ಫ್ಲೋಟ್ ಸ್ವಿಚ್ ಯಾಕೆ ಪಟಪಟ ಅಂತ ಆನ್ ಆಫ್ ಆಗಬಾರದು ಅಂತ ಅವರಿಗೆ ಆಗಲೇ ಗೊತ್ತು, ಹಿಸ್ಟರಿಸಿಸ್ ಅನ್ನೋ ಹೆಸರು ಗೊತ್ತಿಲ್ಲ ಅಷ್ಟೇ. ಅಂಥ ಹುಡುಗ ತಾನು ಅಳೆದ ಮೋಟರ್‌ನ ಟ್ರಾನ್ಸ್‌ಫರ್ ಫಂಕ್ಷನ್ ಬೋರ್ಡ್ ಮೇಲೆ ತಾನೇ ಬರೆದು ಕನ್ನಡದಲ್ಲಿ ವಿವರಿಸೋದನ್ನ ನೋಡಿದ ಮೇಲೆ ನನಗೆ ಹಳೇ ರೀತಿ ಪಾಠ ಮಾಡೋಕೆ ಮನಸ್ಸೇ ಬರ್ತಿಲ್ಲ. ಮುಂದೆ ಪೀಣ್ಯದಲ್ಲೋ ಹರಿಹರದಲ್ಲೋ ಸರ್ವೋ ಡ್ರೈವ್ ಮುಂದೆ ನಿಂತು ಟ್ಯೂನ್ ಮಾಡಬೇಕಾಗಿರೋರೂ ಇವರೇ.

ಕೊನೇದಾಗಿ ಮೇಷ್ಟ್ರುಗಳ ಕಷ್ಟ. ಸಿಓ ಪಿಓ ಮ್ಯಾಪಿಂಗ್ (ಯಾವ ಪಾಠದಿಂದ ಏನು ಕಲಿತ್ರು ಅನ್ನೋ ಪಟ್ಟಿ), ಎನ್‌ಬಿಎ ಮಾನ್ಯತೆಯ ಫೈಲು, ಅಡ್ಮಿಷನ್ ಡ್ಯೂಟಿ, ಇದರ ಮಧ್ಯೆ 15 ಗಾಡಿ ನೋಡ್ಕೊಳ್ಳೋಕೆ ಒಬ್ಬರಿಂದ ಆಗಲ್ಲ. ಐಐಟಿ ಬಾಂಬೆಯ ಇ-ಯಂತ್ರದವರು ಕಾಲೇಜುಗಳಲ್ಲಿ ರೋಬೋಟಿಕ್ಸ್ ಲ್ಯಾಬ್ ಹಾಕಿಸಿ, ಜೊತೆಗೆ ಮೇಷ್ಟ್ರುಗಳಿಗೂ ತರಬೇತಿ ಕೊಟ್ಟು ತೋರಿಸಿದ್ದಾರೆ, ನಮ್ಮ ಹತ್ತಿರ ಮಾದರಿ ಇಲ್ಲ ಅಂತೇನಿಲ್ಲ. ಈ ಪ್ರಾಜೆಕ್ಟ್ ನೋಡ್ಕೊಳ್ಳೋ ಗಂಟೆಗಳನ್ನ ವರ್ಕ್‌ಲೋಡ್‌ನಲ್ಲಿ ಎಣಿಸಿ, ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರನ್ನ ಕೊಡಿ, ಸಂಜೆ ಏಳರ ತನಕ ಲ್ಯಾಬ್ ತೆಗೆದಿಡೋಕೆ ಅನುಮತಿ ಕೊಡಿ. ಥಿಯರಿ ಪೇಪರ್‌ನಲ್ಲೂ ಒಂದು ಪ್ರಶ್ನೆ ಹೀಗಿರಲಿ: ಒಂದು ಮೋಟರ್‌ನ ಅಳತೆ ಗ್ರಾಫ್ ಕೊಟ್ಟು, ಇದರ ಮಾಡೆಲ್ ಬರೆದು ಕಂಟ್ರೋಲರ್ ಆರಿಸಿ ಅಂತ. ಪೇಪರ್‌ನಲ್ಲಿ ಬರದೇ ಇರೋದನ್ನ ನಮ್ಮಲ್ಲಿ ಯಾರೂ ಸೀರಿಯಸ್ಸಾಗಿ ಕಲಿಸಲ್ಲ, ಇದು ನಿಮಗೂ ಗೊತ್ತಿರೋದೇ.

ಒಂದೇ ಸಲಕ್ಕೆ ಎಲ್ಲಾ ಕಾಲೇಜಲ್ಲೂ ಬೇಡ ಅನ್ನೋದಾದ್ರೆ ಒಪ್ಪಿದ ಹತ್ತು ಕಾಲೇಜಲ್ಲಿ ಒಂದು ವರ್ಷ ಮಾಡಿ ನೋಡೋಣ, ದೊಡ್ಡ ಊರಿನವು ಐದು, ಸಣ್ಣ ಊರಿನವು ಐದು. ಲ್ಯಾಬ್ ಶೀಟ್, ಸಾಮಾನಿನ ಪಟ್ಟಿ, ವೈವಾ ಪ್ರಶ್ನೆಗಳು ನನ್ನ ಹತ್ತಿರ ರೆಡಿ ಇವೆ, ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ, ಕೇಳಿದವರಿಗೆಲ್ಲ ಕೊಡ್ತೀನಿ, ತಿದ್ದಿ ಬಳಸಿ. ಮುಂದಿನ ಸಿಲಬಸ್ ಮೀಟಿಂಗ್‌ನಲ್ಲಿ ಇದಕ್ಕೊಂದು ಅರ್ಧ ಗಂಟೆ ಇಡಿ ಅಂತ ಕೈಮುಗಿದು ಕೇಳ್ಕೋತೀನಿ, ಕರೆದ್ರೆ ನಮ್ಮ ಮಕ್ಕಳ ಒಂದು ಗಾಡಿ ಹಿಡ್ಕೊಂಡು ವಿಟಿಯು ಇರೋ ಬೆಳಗಾವಿಗೇ ಬರ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕಂಟ್ರೋಲ್ ಸಿಸ್ಟಮ್ಸ್ ಮೇಷ್ಟ್ರು